ಎಕ್ಕದ ಎಲೆ, ಒಂಬತ್ತು ಹುಳ, ಒಂದು ಸರದಿ ಪಟ್ಟಿ



ಇವತ್ತು ಚಿಟ್ಟೆ ಬಗ್ಗೆ ಬರೀತಿದ್ದೀನಿ. ಒಳಮೀಸಲಾತಿ, ಪಿಟಿಸಿಎಲ್ ಜಮೀನು, ಬ್ಯಾಕ್‌ಲಾಗ್ ಹುದ್ದೆ ಎಲ್ಲಾ ಬಿಟ್ಟು ಇವನಿಗೇನಾಯ್ತು ಅಂತ ಕೇಳಬೇಡಿ. ಕೊನೆವರೆಗೂ ಓದಿ, ಇದೂ ಅದೇ ವಿಷಯ.

ನಮ್ಮ ಹುಳಿಮಾವು ಕಡೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ನಾಲ್ಕನೇ ಕ್ಲಾಸಿನ ಮಕ್ಕಳು ಈ ಮಳೆಗಾಲದಲ್ಲಿ ತರಗತಿಯೊಳಗೇ ಚಿಟ್ಟೆ ಸಾಕಿದರು. ಒಂಬತ್ತು ಹುಳ ಇದ್ದವು, ಏಳು ಚಿಟ್ಟೆಯಾಗಿ ಹಾರಿಹೋದವು. ಲೆಕ್ಕ ಇಷ್ಟೇ. ಆದರೆ ಆ ನಾಲ್ಕು ವಾರದಲ್ಲಿ ಮೂರು ರಟ್ಟಿನ ಡಬ್ಬಿಗಳ ಮುಂದೆ ಒಂದು ಪ್ರಶ್ನೆ ಎದ್ದು ನಿಂತಿತು: ಹುಳದ ಹಿಕ್ಕೆ ಯಾರು ಬಳೀಬೇಕು? ನನ್ನ ಮಗ ಅದೇ ಶಾಲೆಯಲ್ಲಿ ಆರನೇ ಕ್ಲಾಸು. ನಾನು ಎಸ್‌ಡಿಎಂಸಿ ಸದಸ್ಯ. ಹಂಗಾಗಿ ಈ ಪ್ರಶ್ನೆ ನನ್ನ ತನಕ ಬಂತು.

ಮೊದಲು ಚಿಟ್ಟೆ ಕತೆ ಹೇಳಿಬಿಡ್ತೀನಿ.

ಅಮೆರಿಕದ ಶಾಲೆಗಳಲ್ಲಿ ಮಾನರ್ಕ್ ಅನ್ನೋ ಕಿತ್ತಳೆ ಬಣ್ಣದ ಚಿಟ್ಟೆಯ ಹುಳಗಳನ್ನ ಕ್ಲಾಸಿನಲ್ಲಿ ಸಾಕಿ, ಚಿಟ್ಟೆಯಾದ ಮೇಲೆ ಮಕ್ಕಳ ಕೈಯಿಂದ ಹಾರಿಬಿಡೋ ಪದ್ಧತಿ ಬಹಳ ಕಾಲದಿಂದ ಇದೆ. ಆ ಚಿಟ್ಟೆಗಳು ಚಳಿ ಶುರುವಾಗೋ ಮುಂಚೆ ಕೆನಡಾ, ಉತ್ತರ ಅಮೆರಿಕದಿಂದ ಸಾವಿರಾರು ಕಿಲೋಮೀಟರ್ ಹಾರಿ ಮೆಕ್ಸಿಕೋ ಬೆಟ್ಟಗಳ ಕಾಡಿಗೆ ಬಂದು, ಕೊಂಬೆ ಬಾಗೋ ಹಂಗೆ ಗುಂಪುಗುಂಪಾಗಿ ಕೂತು ಚಳಿಗಾಲ ಕಳೀತವೆ. ವಿಜ್ಞಾನಿಗಳು ಆ ಜಾಗ "ಕಂಡುಹಿಡಿದದ್ದು" 1975ರಲ್ಲಿ. ಆ ಬೆಟ್ಟದ ಹಳ್ಳಿ ಜನಕ್ಕೆ ತಲೆತಲಾಂತರದಿಂದ ಗೊತ್ತಿತ್ತು. ಯಾರಿಗೆ ಗೊತ್ತಾದರೆ ಅದು ಜ್ಞಾನ, ಯಾರಿಗೆ ಗೊತ್ತಿದ್ದರೆ ಅದು ಲೆಕ್ಕಕ್ಕಿಲ್ಲ ಅನ್ನೋದು ಅಲ್ಲೂ ನಡೆಯುತ್ತೆ ನೋಡಿ.

ನಾಲ್ಕನೇ ಕ್ಲಾಸಿನ ಮೇಡಂ ಫೋನಿನಲ್ಲಿ ಇಂಥದ್ದೊಂದು ವಿಡಿಯೋ ನೋಡಿ, ನಮ್ಮ ಮಕ್ಕಳಿಗೆ ಯಾಕೆ ಮಾಡಬಾರದು ಅಂದುಕೊಂಡರು. ಮಾನರ್ಕ್ ನಮ್ಮಲ್ಲಿಲ್ಲ. ಆದರೆ ಅದರ ಹತ್ತಿರದ ನೆಂಟ ನಮ್ಮ ಬೀದಿಬೀದಿಯಲ್ಲೂ ಇದೆ. ಇಂಗ್ಲಿಷಿನಲ್ಲಿ ಪ್ಲೇನ್ ಟೈಗರ್ ಅಂತಾರೆ. ಕಿತ್ತಳೆ ರೆಕ್ಕೆ, ಅಂಚಿಗೆ ಕಪ್ಪು, ಮೇಲಿನ ರೆಕ್ಕೆಯ ತುದಿಯಲ್ಲಿ ಬಿಳಿ ಪಟ್ಟೆ. ವಿಜ್ಞಾನದ ಪುಸ್ತಕದಲ್ಲಿ ಮಾನರ್ಕೂ ಇದೂ ಒಂದೇ "ಜಾತಿ", ಡನಾಸ್ ಅಂತ ಹೆಸರು. ಜಾತಿ ಅನ್ನೋ ಪದ ಕೇಳಿ ನನಗೆ ಮೈ ಉರಿಯದ ಜಾಗ ಅದೊಂದೇ. ಆಫ್ರಿಕಾದಿಂದ ಹಿಡಿದು ಏಷ್ಯಾವರೆಗೆ ಈ ಚಿಟ್ಟೆ ಇದೆ. ಈಜಿಪ್ಟಿನಲ್ಲಿ ಸುಮಾರು 3,500 ವರ್ಷ ಹಳೆಯ ಸಮಾಧಿಯ ಗೋಡೆ ಚಿತ್ರದಲ್ಲೂ ಇದನ್ನ ಬರೆದಿದ್ದಾರೆ. ನಮ್ಮ ಮಕ್ಕಳು ಇದಕ್ಕೆ "ಎಕ್ಕದ ಹುಲಿ" ಅಂತ ಹೆಸರಿಟ್ಟರು. ಯಾಕಂದ್ರೆ ಅದು ಮೊಟ್ಟೆ ಇಡೋದು ಎಕ್ಕದ ಎಲೆ ಮೇಲೆ.

ಎಕ್ಕ ಎಲ್ಲರಿಗೂ ಗೊತ್ತು. ಬನ್ನೇರುಘಟ್ಟ ರಸ್ತೆಯ ಪಕ್ಕ, ಮೆಟ್ರೋ ಕಾಮಗಾರಿಯ ಮಣ್ಣಿನ ಗುಡ್ಡೆ ಮೇಲೆ, ಹುಳಿಮಾವು ಕೆರೆ ಏರಿ ಕಡೆ, ಕೇಸು ನಡೀತಿರೋ ಖಾಲಿ ಸೈಟುಗಳಲ್ಲಿ ಯಾರೂ ನೀರು ಹಾಕದೆ ಬೆಳೆಯೋ ಗಿಡ. ಅದರ ಪಾಡು ವಿಚಿತ್ರ. ಹೂವನ್ನ ಪೋಣಿಸಿ ಹನುಮಂತನಿಗೆ, ಗಣೇಶನಿಗೆ ಹಾರ ಹಾಕ್ತಾರೆ. ರಥಸಪ್ತಮಿ ದಿನ ಎಲೇನ ತಲೆ ಮೇಲೆ, ಭುಜದ ಮೇಲೆ ಇಟ್ಕೊಂಡು ಸ್ನಾನ ಮಾಡ್ತಾರೆ. ಮಾರನೇ ದಿನ ಅದೇ ಗಿಡ ಮನೆ ಮುಂದೆ ಹುಟ್ಟಿದರೆ ಅಪಶಕುನ ಅಂತ ಕಿತ್ತು ಬಿಸಾಕ್ತಾರೆ. ನಮ್ಮ ಕಡೆ ಯಾರ ಮೇಲಾದರೂ ಸಿಟ್ಟು ಬಂದರೆ "ಎಕ್ಕುಟ್ಟೋಗ" ಅಂತ ಬೈತಾರಲ್ಲ, ಅದರ ಮೂಲ ಇದೇ. ನಿನ್ನ ಮನೆ ಹಾಳಾಗಿ ಅಲ್ಲಿ ಎಕ್ಕ ಹುಟ್ಟಲಿ ಅಂತ. ಬೇಕಾದಾಗ ದೇವರ ತಲೆ ಮೇಲೆ, ಬೇಡದಾಗ ಊರಾಚೆ. ಈ ಬಾಳು ಗಿಡಕ್ಕೆ ಮಾತ್ರ ಅಲ್ಲ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಆಗಸ್ಟಿನ ಮೊದಲ ವಾರ ಮೇಡಂ ಶಾಲೆ ಹಿಂದಿನ ಖಾಲಿ ಸೈಟಿಗೆ ಮಕ್ಕಳನ್ನ ಕರ್ಕೊಂಡು ಹೋದರು. ಎಲೆ ಮಗುಚಿ ನೋಡಿದರೆ ಅಡಿಯಲ್ಲಿ ಒಂದೊಂದೇ ಮೊಟ್ಟೆ. ಸಾಸಿವೆಗಿಂತ ಸಣ್ಣದು, ಬೆಳ್ಳಗೆ, ಮೇಲಕ್ಕೆ ಚೂಪು. ಗುಂಪಾಗಿ ಇಡಲ್ಲ, ಎಲೆಗೊಂದು ಇಡುತ್ತೆ. ಒಂಬತ್ತು ಎಲೆ ತಂದರು. ಮೂರು ರಟ್ಟಿನ ಡಬ್ಬಿ, ಬಾಯಿಗೆ ಹಳೇ ಸೊಳ್ಳೆಪರದೆಯ ತುಂಡು ಕಟ್ಟಿ, ಒಳಗೆ ಹಳೇ ಪೇಪರ್ ಹಾಸಿದರು. ಎಲೆ ಬಾಡದ ಹಾಗೆ ತೊಟ್ಟಿಗೆ ಒದ್ದೆ ಹತ್ತಿ ಸುತ್ತಿದರು. ಒಟ್ಟು ಖರ್ಚು ಸೊನ್ನೆ.

ಮೂರ್ನಾಲ್ಕು ದಿನಕ್ಕೆ ಮೊಟ್ಟೆ ಒಡೀತು. ಹುಳ ಮೊದಲು ತಿನ್ನೋದು ತನ್ನ ಮೊಟ್ಟೆಯ ಸಿಪ್ಪೇನೇ. ಆಮೇಲೆ ಎಲೆ. ಎಕ್ಕದ ಎಲೆ ಮುರಿದರೆ ಹಾಲು ಬರುತ್ತಲ್ಲ, ಆ ಹಾಲು ಅಂಟು, ಅದರಲ್ಲಿ ಸಣ್ಣ ಹುಳ ಸಿಕ್ಕಿಕೊಂಡು ಸತ್ತೇಹೋಗಬಹುದು. ಅದಕ್ಕೆ ಸ್ವಲ್ಪ ಬೆಳೆದ ಹುಳ ಎಲೆಯ ನರವನ್ನ ಮೊದಲು ಕಚ್ಚಿ ಕತ್ತರಿಸುತ್ತೆ. ಹಾಲು ಅಲ್ಲೇ ಸುರಿದುಹೋಗುತ್ತೆ, ಆಚೆ ಭಾಗವನ್ನ ನಿಧಾನಕ್ಕೆ ತಿನ್ನುತ್ತೆ. ಇದನ್ನ ಯಾರೂ ಕಲಿಸಿಲ್ಲ. ಮೈ ಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆ. ಮೂರು ಜೊತೆ ಕಪ್ಪು ಕೊಂಬಿನಂಥ ಎಳೆ, ಬುಡದಲ್ಲಿ ಕೆಂಪು. ನಾಲ್ಕು ಸಲ ಚರ್ಮ ಕಳಚುತ್ತೆ, ಕಳಚಿದ ಚರ್ಮಾನೂ ತಿಂದುಬಿಡುತ್ತೆ.

ಇದನ್ನ ಮೇಡಂ ಹೇಳ್ತಿದ್ದಾಗ ನನಗೆ ನಮ್ಮೂರು ನೆನಪಾಯ್ತು. ನಾನು ಕನಕಪುರ ಕಡೆಯವನು. ಹಿಪ್ಪುನೇರಳೆ ಸೀಮೆ. ಅಲ್ಲಿ ರೇಷ್ಮೆ ಹುಳ ಚರ್ಮ ಕಳಚೋದಕ್ಕೆ "ಜ್ವರ" ಅಂತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ನಾಲ್ಕನೇ ಜ್ವರ ಎದ್ದ ಮೇಲೆ ಹುಳ ಹಗಲೂ ರಾತ್ರಿ ಮೇಯುತ್ತೆ, ಮನೆ ತುಂಬಾ ಮಳೆ ಬಂದಂಗೆ ಸದ್ದು. ಆಮೇಲೆ ಹುಳ "ಹಣ್ಣಾಗುತ್ತೆ", ಎತ್ತಿ ಚಂದ್ರಿಕೆಗೆ ಬಿಡ್ತಾರೆ, ಗೂಡು ಕಟ್ಟುತ್ತೆ. ನಮ್ಮವ್ವ ಈ ಪದಗಳನ್ನೆಲ್ಲ ಬಲ್ಲಳು. ಮುಂಜಾನೆ ಮಂಜಲ್ಲಿ ಸೊಪ್ಪು ಕೊಯ್ದು, ಹೊರೆ ಹೊತ್ತು ತಂದು ಹುಳದ ಮನೆ ಜಗುಲಿ ಮೇಲೆ ಹಾಕೋಳು. ಒಳಗೆ ಹೋಗಂಗಿರಲಿಲ್ಲ. ನಾವು ಮೆಟ್ಟಿಲು ಹತ್ತಿದರೆ ಹುಳಕ್ಕೆ ರೋಗ ಬರುತ್ತೆ ಅನ್ನೋರು. ನಮ್ಮ ಕೈಯಿಂದ ಕೊಯ್ದ ಸೊಪ್ಪು ತಿಂದರೆ ಹುಳಕ್ಕೆ ಏನೂ ಆಗ್ತಿರಲಿಲ್ಲ. ಕೈ ಒಳಗೆ ಬಂದರೆ ಮಾತ್ರ ರೋಗ! ಹುಳ ಎಷ್ಟು ಜ್ವರ ಎದ್ದಿದೆ ಅಂತ ಅವ್ವ ಸೊಪ್ಪಿನ ಹೊರೆ ಲೆಕ್ಕದಲ್ಲೇ ಹೇಳೋಳು. ಅಷ್ಟು ವರ್ಷದಲ್ಲಿ ಚಂದ್ರಿಕೆ ಮೇಲೆ ಹುಳ ಗೂಡು ಕಟ್ಟೋದನ್ನ ಹತ್ತಿರದಿಂದ ಒಂದು ಸಲಾನೂ ನೋಡಲಿಲ್ಲ.

ಹುಳದ ಹತ್ತಿರ ಯಾರು ಹೋಗಬಹುದು, ಯಾರು ಹೋಗಬಾರದು, ಹೋದವರು ಅಲ್ಲಿ ಏನು ಮಾಡಬೇಕು ಅನ್ನೋದು ನನಗೆ ಸಣ್ಣ ವಿಷಯ ಅಲ್ಲ. ಅದಕ್ಕೆ ಇಷ್ಟು ಹೇಳಿದೆ.

ಈಗ ಹಿಕ್ಕೆ ವಿಷಯ.

ಹುಳ ತಿನ್ನೋ ಹಾಗೆ ಹಿಕ್ಕೇನೂ ಹಾಕುತ್ತೆ. ಚಿಕ್ಕದಿದ್ದಾಗ ಗಸಗಸೆಯಷ್ಟು, ದೊಡ್ಡದಾದಾಗ ಮೆಣಸಿನ ಕಾಳಿನಷ್ಟು. ದಿನಾ ತೆಗೀಬೇಕು. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದರೆ ಹುಳ ಸಾಯುತ್ತೆ. ಮೊದಲ ದಿನ ಮೇಡಂ "ಯಾರು ಕ್ಲೀನ್ ಮಾಡ್ತೀರಾ" ಅಂತ ಕೇಳಿದಾಗ ಅರ್ಧ ಕ್ಲಾಸು ಥೂ ಅಂತು. ಒಬ್ಬ ಹುಡುಗಿ ಎದ್ದು ಬಂದು, ಪೇಪರ್ ಮಡಚಿ, ಹೊರಗೆ ಹಾಕಿ, ಹೊಸ ಪೇಪರ್ ಹಾಸಿದಳು. ಎರಡನೇ ದಿನಾನೂ ಅವಳೇ. ಮೂರನೇ ದಿನ ಯಾರೂ ಕೇಳಲಿಲ್ಲ, ಅವಳೇ ಮಾಡಿದಳು. ನಾಲ್ಕನೇ ದಿನ ಒಬ್ಬ ಹುಡುಗ "ಮಿಸ್, ಡಬ್ಬಿ ಗಲೀಜಾಗಿದೆ, ಅವಳನ್ನ ಕರೀರಿ" ಅಂದ. ಅವಳೇ ಯಾಕೋ ಅಂದರೆ, "ಅವಳಿಗೆ ಅಭ್ಯಾಸ ಇದೆ ಮಿಸ್, ಅವರಮ್ಮ ರೋಡ್ ಗುಡಿಸ್ತಾರೆ" ಅಂದ.

ಅವಳ ಅಮ್ಮ ನಮ್ಮ ವಾರ್ಡಿನ ಪೌರಕಾರ್ಮಿಕರು. ಆ ಹುಡುಗ ಕೆಟ್ಟವನಲ್ಲ. ಒಂಬತ್ತು ವರ್ಷದ ಮಗು. ಅವಳ ಜಾತಿ ಏನು ಅಂತ ಅವನಿಗೆ ಗೊತ್ತಿರಲಿಕ್ಕಿಲ್ಲ. ಅವಳಮ್ಮನ ಕೆಲಸ ಗೊತ್ತಿತ್ತು. ಅಷ್ಟು ಸಾಕಾಯ್ತು. ಜಾತಿ ಮಕ್ಕಳ ತಲೆಗೆ ಇಳಿಯೋದು ಯಾರೋ ಮನುಸ್ಮೃತಿ ಓದಿಸಿ ಅಲ್ಲ, ಹೀಗೇ. ಗಲೀಜು ಕಂಡ ತಕ್ಷಣ ಒಂದು ಮುಖ ನೆನಪಾಗುತ್ತಲ್ಲ, ಅಲ್ಲಿಂದ. ನಾಲ್ಕು ದಿನ ಸಾಕು. ನಾಲ್ಕು ದಿನದಲ್ಲಿ ಒಂದು ಕ್ಲಾಸು ತನಗೆ ಬೇಕಾದವರನ್ನ ಹುಡುಕಿಕೊಂಡುಬಿಡ್ತು.

ಮೇಡಂಗೆ ಚುರುಕ್ ಅಂತು. ಅವರು ಸುಮ್ಮನೆ ಬಿಡಬಹುದಿತ್ತು, ಬಿಡಲಿಲ್ಲ. ಶನಿವಾರ ಎಸ್‌ಡಿಎಂಸಿ ಸಭೆಗೆ ಈ ವಿಷಯ ತಂದರು. ಹುಡುಗಿಯ ತಾಯಿಯೂ ಡ್ಯೂಟಿ ಮುಗಿಸಿಕೊಂಡು ಬಂದಿದ್ದರು, ಹಸಿರು ಕೋಟು ಹಾಕ್ಕೊಂಡೇ.

ಸಭೆಯಲ್ಲಿ ಒಬ್ಬರು, "ಮಗುಗೆ ಆಸಕ್ತಿ ಇದೆ, ಮಾಡಲಿ ಬಿಡಿ, ಒಳ್ಳೇ ಗುಣ ಅಲ್ವಾ, ಇದನ್ನೂ ಜಾತಿ ಮಾಡ್ತೀರಾ" ಅಂದರು. ನಾನು ಕೇಳಿದೆ: "ಸರ್, ಆ ಮಗುಗೆ ಆಸಕ್ತಿ ಇರೋದು ಯಾವುದರಲ್ಲಿ ಅಂತ ಯಾರಾದರೂ ಕೇಳಿದೀರಾ?" ಕೇಳಿರಲಿಲ್ಲ. ಹೊರಗೆ ಆಡ್ತಿದ್ದವಳನ್ನ ಅವಳಮ್ಮನೇ ಕರೆದು ಕೇಳಿದರು. ಅವಳು ನೆಲ ನೋಡಿಕೊಂಡು ಒಂದೇ ಮಾತು ಹೇಳಿದಳು: "ನಂಗೆ ಬುಕ್‌ನಲ್ಲಿ ಬರೆಯೋ ಕೆಲಸ ಬೇಕು."

ಏನಂದ್ರೆ, ಮೇಡಂ ಒಂದು ದಪ್ಪ ನೋಟ್‌ಬುಕ್ ಇಟ್ಟಿದ್ದರು. ದಿನಾ ಹುಳದ ಉದ್ದ ಸ್ಕೇಲಿನಲ್ಲಿ ಅಳೆದು, ಬಣ್ಣ, ಎಷ್ಟು ಎಲೆ ತಿಂತು, ಯಾವತ್ತು ಚರ್ಮ ಕಳಚಿತು ಅಂತ ಬರೆಯೋದು. ಆ ಕೆಲಸ "ಅಕ್ಷರ ಚೆನ್ನಾಗಿರೋ" ಮೂವರಿಗೆ ಹೋಗಿತ್ತು. ಯಾರೂ ಬೇಕಂತ ಮಾಡಿದ್ದಲ್ಲ. ಬರೆಯೋರು ಬರೆಯೋರಾದರು, ಬಳಿಯೋರು ಬಳಿಯೋರಾದರು. ಬಾಬಾಸಾಹೇಬರು ಜಾತಿವಿನಾಶದ ಭಾಷಣ ಅಚ್ಚು ಹಾಕಿಸಿದ್ದು 1936ರಲ್ಲಿ. ಜಾತಿ ಹಂಚಿಡೋದು ಬರೀ ಕೆಲಸಾನಲ್ಲ, ಕೆಲಸ ಮಾಡೋ ಜನಾನೇ ಅಂತ ಅದರಲ್ಲಿ ವಾದಿಸಿದ್ದಾರೆ. ಓದಿದೀನಿ, ಭಾಷಣದಲ್ಲಿ ಎಷ್ಟೋ ಸಲ ಹೇಳಿದೀನಿ. ಮೂರು ರಟ್ಟಿನ ಡಬ್ಬಿ ಮುಂದೆ ಅದು ಕಣ್ಣಿಗೆ ಕಾಣ್ತು.

ಅವರದೇ ಬಾಲ್ಯದ ಮಾತೂ ಅಲ್ಲಿ ಹೇಳಿದೆ. ಸತಾರಾದ ಶಾಲೆಯಲ್ಲಿ ಅವರು ಬೇರೆ ಕೂರಬೇಕಿತ್ತು, ಒಂದು ಗೋಣಿತಾಟಿನ ಮೇಲೆ. ಆ ಗೋಣೀನ ಶಾಲೆ ಗುಡಿಸೋ ಆಳು ಕೂಡ ಮುಟ್ತಿರಲಿಲ್ಲ. ಸಂಜೆ ಮನೆಗೆ ಹೊತ್ಕೊಂಡು ಹೋಗಿ ಬೆಳಿಗ್ಗೆ ತರಬೇಕಿತ್ತು. ನಲ್ಲಿ ಮುಟ್ಟಂಗಿಲ್ಲ, ಜವಾನ ತಿರುಗಿಸಿದರೆ ನೀರು, ಜವಾನ ಇಲ್ಲದಿದ್ದರೆ ಬಾಯಾರಿಕೆ. ಅದು ನೂರು ವರ್ಷಕ್ಕೂ ಹಿಂದಿನ ಮಾತು ಅಂತ ಒಬ್ಬರು ಅಂದರು. ಸರಿ, ಹತ್ತಿರದ್ದು ಹೇಳ್ತೀನಿ ಅಂದೆ. 2023ರ ಡಿಸೆಂಬರ್. ಇಲ್ಲಿಂದ ಎರಡು ಗಂಟೆ ದಾರಿ, ಮಾಲೂರು ತಾಲ್ಲೂಕಿನ ಯಲವಹಳ್ಳಿ. ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಮಕ್ಕಳನ್ನ ಮಲದ ಗುಂಡಿಗೆ ಇಳಿಸಿದ ಸುದ್ದಿ ಇಡೀ ರಾಜ್ಯ ನೋಡಿದೆ. ಮಲ ಹೊರಿಸೋದನ್ನ ನಿಷೇಧಿಸಿದ ಕಾನೂನು 2013ರದ್ದು. ಕಾನೂನು ಬಂದು ಹತ್ತು ವರ್ಷ ಆಗಿತ್ತು. ಯಾವ ಮಕ್ಕಳನ್ನ ಇಳಿಸಿದರು ಅಂತ ನಿಮಗೆ ಗೊತ್ತು. ಆ ಗುಂಡಿಗೂ ಈ ಡಬ್ಬಿಗೂ ದೂರ ಬಹಳ ಇದೆ, ಒಪ್ತೀನಿ. ದಾರಿ ಮಾತ್ರ ಒಂದೇ. "ಅವಳಿಗೆ ಅಭ್ಯಾಸ ಇದೆ" ಅನ್ನೋದು ಆ ದಾರಿಯ ಮೊದಲ ಮೆಟ್ಟಿಲು.

ಪರಿಹಾರ ಏನು ಅಂದಾಗ ನಾನು ಹೇಳಿದೆ, ಭಾಷಣ ಬೇಡ, ಪಟ್ಟಿ ಮಾಡೋಣ. ಆಫೀಸಿನಲ್ಲಿ ನನ್ನ ಕೆಲಸಾನೇ ಪಟ್ಟಿ, ವಹಿ, ರಿಜಿಸ್ಟರು. ರೋಸ್ಟರ್ ಬಿಂದು ಅಂದರೆ ಏನು ಅಂತ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಪಟ್ಟಿ ಇಲ್ಲದಿದ್ದರೆ "ಯೋಗ್ಯರು ಸಿಗಲಿಲ್ಲ" ಅಂತಾರೆ, ಪಟ್ಟಿ ಗೋಡೆ ಮೇಲಿದ್ದರೆ ಅವರೇ ಹುಡುಕಿ ಕರೀತಾರೆ. ಮನಸ್ಸು ಬದಲಾಗಲಿ, ಆಮೇಲೆ ಎಲ್ಲಾ ಸರಿಹೋಗುತ್ತೆ ಅಂತ ಕಾದರೆ ಮೂರು ತಲೆಮಾರು ಕಾಯಬೇಕು. ಸರದಿ ಬದಲಾಯಿಸೋಕೆ ಒಂದು ಹಾಳೆ ಸಾಕು.

ಕ್ಲಾಸಿನಲ್ಲಿ 24 ಮಕ್ಕಳು. ಹಾಜರಿ ನಂಬರಿನ ಪ್ರಕಾರ ಆರಾರು ಜನದ ನಾಲ್ಕು ಗುಂಪು. ಗೆಳೆಯರು ಗೆಳೆಯರ ಜೊತೆ ಅಂತ ಬಿಡಲಿಲ್ಲ, ಬಿಟ್ಟರೆ ಮತ್ತೆ ಅದೇ ಕತೆ. ಕೆಲಸ ನಾಲ್ಕು: ಎಲೆ ತಂದು ಒರೆಸಿ ಹಾಕೋದು, ಹಿಕ್ಕೆ ತೆಗೆದು ಪೇಪರ್ ಬದಲಿಸೋದು, ಅಳೆಯೋದು, ಬರೆಯೋದು. ಡಬ್ಬಿಗೆ ಇಬ್ಬರು. ದಿನಾ ಒಂದು ಮನೆ ಮುಂದಕ್ಕೆ. ನಾಲ್ಕು ದಿನ ಕಳೆದರೆ ಎಲ್ಲರೂ ಎಲ್ಲಾ ಕೆಲಸ ಮಾಡಿರಬೇಕು. ಕೊನೆಗೆ ಎಲ್ಲಾ 24 ಜನಾನೂ ಸೋಪು ಹಾಕಿ ಕೈ ತೊಳೀಬೇಕು. ಬಳಿದವರು ಮಾತ್ರ ಅಲ್ಲ, ಬರೆದವರೂ.

ಸೋಮವಾರ ಒಬ್ಬ ಅಪ್ಪ ಗೇಟಿನ ಹತ್ತಿರ ಮೇಡಂ ಮೇಲೆ ಕೂಗಾಡಿದರು. "ನನ್ನ ಮಗನ್ನ ಹೇಲು ಬಳಿಯೋಕೆ ಸ್ಕೂಲಿಗೆ ಕಳಿಸ್ತಿಲ್ಲ." ಮೇಡಂ ಮೆತ್ತಗೆ ಹೇಳಿದ ಉತ್ತರ ನಾನು ಸಾಯೋವರೆಗೂ ಮರೆಯಲ್ಲ: "ಯಾರ ಮಗಳನ್ನೂ ಅದಕ್ಕೆ ಕಳಿಸಿಲ್ಲ ಸರ್. ಅದಕ್ಕೇ ಎಲ್ಲರೂ ಮಾಡ್ತಿದ್ದಾರೆ." ಆ ಅಪ್ಪ ಎರಡು ದಿನ ಮಗನ್ನ ಕಳಿಸಲಿಲ್ಲ. ಮೂರನೇ ದಿನ ಹುಡುಗ ತಾನೇ ಹಟ ಮಾಡಿ ಬಂದ. ಅವನ ಹುಳ ಕೋಶ ಕಟ್ಟೋ ಹೊತ್ತಾಗಿತ್ತು.

ಬರೆಯೋ ಸರದಿ ಬಂದ ದಿನ ಆ ಹುಡುಗಿ ಬರೆದದ್ದನ್ನ ಮೇಡಂ ತೋರಿಸಿದರು. ಅಕ್ಷರ ದುಂಡಗಿಲ್ಲ, ಒತ್ತಕ್ಷರ ಎರಡು ಕಡೆ ತಪ್ಪು. ಆದರೆ ಬೇರೆ ಯಾರೂ ನೋಡದೇ ಇದ್ದದ್ದನ್ನ ಬರೆದಿದ್ದಳು: ಚರ್ಮ ಕಳಚೋ ಹಿಂದಿನ ದಿನ ಹುಳ ಏನೂ ತಿನ್ನಲ್ಲ, ಅವತ್ತು ಹಿಕ್ಕೇನೂ ಕಮ್ಮಿ. ನಾಲ್ಕು ದಿನ ಹಿಕ್ಕೆ ಬಳಿದವಳಿಗೆ ಮಾತ್ರ ಗೊತ್ತಾಗೋ ವಿಷಯ ಅದು. ಬಳಿಯೋ ಕೈಗೆ ಪೆನ್ಸಿಲ್ ಕೊಟ್ಟರೆ ಏನು ಸಿಗುತ್ತೆ ಅನ್ನೋದಕ್ಕೆ ನನ್ನ ಹತ್ರ ಇದಕ್ಕಿಂತ ಒಳ್ಳೇ ಸಾಕ್ಷಿ ಇಲ್ಲ. ಸೊಪ್ಪಿನ ಹೊರೆಯಲ್ಲೇ ಜ್ವರ ಲೆಕ್ಕ ಹಾಕ್ತಿದ್ದ ನಮ್ಮವ್ವನ ಕೈಗೆ ಯಾರೂ ಪೆನ್ಸಿಲ್ ಕೊಡಲಿಲ್ಲ.

ಎರಡು ವಾರಕ್ಕೆ ಹುಳಗಳು ಬೆರಳುದ್ದ ಬೆಳೆದವು. ಆಮೇಲೆ ಪರದೆಗೆ ಹತ್ತಿ, ತಲೆಕೆಳಗಾಗಿ ಜೋತುಬಿದ್ದು, ಕೊನೇ ಸಲ ಚರ್ಮ ಕಳಚಿ ಕೋಶವಾದವು. ಕೆಲವು ಹಸಿರು, ಎರಡು ತಿಳಿ ಗುಲಾಬಿ. ಒಂಬತ್ತರಲ್ಲಿ ಎರಡು ಉಳೀಲಿಲ್ಲ. ಒಂದು ಹುಳ ಚರ್ಮ ಕಳಚೋವಾಗಲೇ ಸತ್ತಿತು. ಇನ್ನೊಂದರ ಕೋಶ ಕಪ್ಪಾಯ್ತು, ಅದರಿಂದ ಬಿಳೀ ದಾರದ ತುದಿಯಲ್ಲಿ ಒಂದು ಸಣ್ಣ ಹುಳು ಜಾರಿ ಇಳೀತು. ಅದು ಒಂದು ಜಾತಿ ನೊಣದ ಮರಿ. ಆ ನೊಣ ಚಿಟ್ಟೆಹುಳದ ಮೇಲೆ ಮೊಟ್ಟೆ ಇಡುತ್ತೆ, ಮರಿ ಒಳಗೇ ಬೆಳೆಯುತ್ತೆ. ಮಕ್ಕಳು ಅತ್ತರು. ಮೇಡಂ ಮುಚ್ಚಿಡಲಿಲ್ಲ. ಹೊರಗೆ ಗಿಡದ ಮೇಲೆ ಇಟ್ಟ ಮೊಟ್ಟೆಗಳಲ್ಲಿ ಹೆಚ್ಚಿನವು ಚಿಟ್ಟೆ ಆಗೋದೇ ಇಲ್ಲ, ಇರುವೆ, ಜೇಡ, ಕಣಜ ಎಲ್ಲಕ್ಕೂ ಹಸಿವು ಇದೆ ಅಂತ ಹೇಳಿದರು. ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆಸಿದರು.

ಏಳು ಕೋಶ ಒಂದು ವಾರ ದಾಟಿದ ಮೇಲೆ ಬಣ್ಣ ತಿರುಗಿ, ಒಳಗಿನ ಕಿತ್ತಳೆ ರೆಕ್ಕೆ ಗಾಜಿನೊಳಗಿಂದ ಕಂಡಂಗೆ ಕಂಡವು. ಬೆಳಿಗ್ಗೆ ಪ್ರಾರ್ಥನೆ ಮುಗಿಯೋ ಹೊತ್ತಿಗೆ ಮೊದಲನೇದು ಹೊರಗೆ ಬಂತು. ಹೊಟ್ಟೆ ದಪ್ಪ, ರೆಕ್ಕೆ ಒದ್ದೆ ಬಟ್ಟೆ ತರ ಮುದುರಿತ್ತು. ಹೊಟ್ಟೆಯ ನೀರನ್ನ ರೆಕ್ಕೆಯ ನರಗಳಿಗೆ ಒತ್ತಿ ಒತ್ತಿ ಬಿಡಿಸಿಕೊಳ್ತು. ಎರಡು ಎಳೆಯಾಗಿದ್ದ ಹೀರುಕೊಳವೇನ ಜಿಪ್ ಹಾಕಿದಂಗೆ ಒಂದು ಮಾಡಿಕೊಳ್ತು. ಹಿಂದಿನ ರೆಕ್ಕೆಯಲ್ಲಿ ನಾಲ್ಕು ಕಪ್ಪು ಚುಕ್ಕೆ ಇದ್ದರೆ ಗಂಡು, ಮೂರಿದ್ದರೆ ಹೆಣ್ಣು. ಏಳರಲ್ಲಿ ನಾಲ್ಕು ಹೆಣ್ಣು.

ಹಾರಿಬಿಡೋ ದಿನ ಬಂದಿದ್ದ ಹಿರಿಯರೊಬ್ಬರು ಮಕ್ಕಳಿಗೆ ಹಿತವಚನ ಹೇಳಿದರು. "ನೀವೀಗ ಹುಳಗಳು, ಕಷ್ಟಪಟ್ಟು ಓದಿದರೆ ಚಿಟ್ಟೆ ಆಗ್ತೀರಿ" ಅಂತ. ಚಪ್ಪಾಳೆ ಬಿತ್ತು. ನನಗೆ ಆ ಮಾತು ಗಂಟಲಲ್ಲಿ ಇಳೀಲಿಲ್ಲ. ನಮ್ಮ ಮಕ್ಕಳಿಗೆ ಈ ಕತೆಯನ್ನೇ ಯಾವಾಗಲೂ ಹೇಳ್ತಾರೆ. ನೀನು ಈಗ ಅಸಹ್ಯ, ಮುಂದೆ ಚೆಂದ ಆಗ್ತೀಯ, ಆಗ ಒಪ್ಕೋತೀವಿ ಅಂತ. ಹುಳದಲ್ಲಿ ಅಸಹ್ಯ ಏನಿದೆ ಸ್ವಾಮಿ? ಬೆಳೆಯೋದೆಲ್ಲ ಹುಳಾನೇ. ಚಿಟ್ಟೆ ಆದ ಮೇಲೆ ಒಂದು ಎಳ್ಳಿನಷ್ಟೂ ಬೆಳೆಯಲ್ಲ. ಇನ್ನೂ ಒಂದು ವಿಷಯ ಇದೆ. ಈ ಚಿಟ್ಟೆಯನ್ನ ಹಕ್ಕಿ ತಿನ್ನಲ್ಲ. ತಿಂದರೆ ಕಹಿ, ವಾಂತಿ ಬರುತ್ತೆ. ಆ ಕಹಿ ಎಲ್ಲಿಂದ ಬಂತು? ಹುಳ ಆಗಿದ್ದಾಗ ತಿಂದ ಎಕ್ಕದ ಹಾಲಿನಿಂದ. ಬೇರೆಯವರು ಬಾಯಿಗಿಡದ ಎಲೆ ತಿಂದು, ಅದರ ವಿಷಾನ ಮೈಯಲ್ಲಿ ಇಟ್ಕೊಂಡು, ಮುಂದೆ ರೆಕ್ಕೆ ಬಂದಾಗ ಕಾಪಾಡೋದು ಹುಳಾನೇ. ನಮ್ಮವ್ವ, ಆ ಹುಡುಗಿಯ ಅಮ್ಮ, ಇವರು ಏನು ತಿಂದು ನಮ್ಮನ್ನ ಇಲ್ಲಿಗೆ ತಂದರು ಅಂತ ಯೋಚನೆ ಮಾಡಿ. ಹಂಗಾಗಿ ನಾನು ಮಕ್ಕಳಿಗೆ ಹೇಳಿದ್ದು ಇಷ್ಟೇ: ಹುಳ ಚೆಂದ ಇತ್ತು, ಚಿಟ್ಟೇನೂ ಚೆಂದ ಇದೆ, ಎರಡನ್ನೂ ನೋಟ್‌ಬುಕ್ಕಿನಲ್ಲಿ ಸರಿಯಾಗಿ ಬರೀರಿ.

ನಗೋಕೆ ಒಂದು ವಿಷಯಾನೂ ಇದೆ. ಡನಾಯ್ಡ್ ಎಗ್‌ಫ್ಲೈ ಅಂತ ಇನ್ನೊಂದು ಚಿಟ್ಟೆ ಇದೆ, ನಮ್ಮ ಬೆಂಗಳೂರಿನಲ್ಲೂ ಕಾಣುತ್ತೆ. ಅದರ ಹೆಣ್ಣು ಥೇಟ್ ಎಕ್ಕದ ಹುಲಿಯ ಹಾಗೇ. ಅದೇ ಕಿತ್ತಳೆ, ಅದೇ ಕಪ್ಪಂಚು. ಎಕ್ಕದ ಎಲೆ ಮುಟ್ಟಿಲ್ಲ, ಕಹಿ ತಿಂದಿಲ್ಲ, ಮೈಯಲ್ಲಿ ಆ ವಿಷ ಇಲ್ಲ. ವೇಷ ಮಾತ್ರ ಹಾಕ್ಕೊಂಡು ಹಕ್ಕಿಯಿಂದ ಬಚಾವಾಗುತ್ತೆ. ನಾನು ಮೇಡಂಗೆ ಹೇಳಿದೆ, "ಇದಕ್ಕೆ ನಮ್ಮ ಆಫೀಸಿನಲ್ಲಿ ಸುಳ್ಳು ಜಾತಿ ಪ್ರಮಾಣಪತ್ರ ಅಂತಾರೆ ಮೇಡಂ." ಚಿಟ್ಟೆಯದ್ದು ಪ್ರಕೃತಿ, ಅದರ ತಪ್ಪಿಲ್ಲ. ಮನುಷ್ಯರದ್ದಕ್ಕೆ ಕೇಸು ಹಾಕಬೇಕು.

ಬೇರೆ ಶಾಲೆಯಲ್ಲಿ ಮಾಡೋ ಆಸೆ ಇರೋ ಟೀಚರ್‌ಗಳಿಗೆ, ಎಸ್‌ಡಿಎಂಸಿ ಗೆಳೆಯರಿಗೆ ನಾಲ್ಕು ಮಾತು. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಕಣ್ಣಿಗೇ ಏಟು. ಎಲೆ ಕೀಳೋದು ದೊಡ್ಡವರೇ, ಹಾಲು ಒರೆಸಿ ಒಣಗಿದ ಮೇಲೆ ಮಕ್ಕಳ ಕೈಗೆ. ಅದು ಬೇಡ ಅಂದರೆ ಕರಿಬೇವು ಇಲ್ಲಾ ನಿಂಬೆ ಗಿಡ ನೋಡಿ, ಅದರಲ್ಲೂ ಹುಳ ಸಿಗುತ್ತೆ. ಚಿಕ್ಕದಿದ್ದಾಗ ಹಕ್ಕಿ ಹಿಕ್ಕೆ ತರ ಕಾಣುತ್ತೆ, ಆಮೇಲೆ ಹಸಿರಾಗುತ್ತೆ, ಮುಟ್ಟಿದರೆ ತಲೆಯಿಂದ ಕೊಂಬು ಚಾಚಿ ವಾಸನೆ ಬಿಡುತ್ತೆ. ಮಕ್ಕಳಿಗೆ ಬಲು ಖುಷಿ. ಹತ್ತಕ್ಕಿಂತ ಜಾಸ್ತಿ ಸಾಕಬೇಡಿ. ಒತ್ತೊತ್ತಾಗಿ ಸಾಕಿದರೆ ರೋಗ ಹರಡುತ್ತೆ. ಅಮೆರಿಕದಲ್ಲಿ ಸಾಕಿದ ಮಾನರ್ಕ್‌ಗಳಲ್ಲಿ ಇದೇ ತೊಂದರೆ. ಒಳಗೆ ಸಾಕಿದವು ವಲಸೆಯ ದಿಕ್ಕು ಹಿಡಿಯೋದ್ರಲ್ಲಿ ಎಡವುತ್ತವೆ ಅಂತ 2019ರಲ್ಲಿ ಅಲ್ಲಿನ ವಿಜ್ಞಾನಿಗಳು ತೋರಿಸಿದ್ದಾರೆ. ನಮ್ಮ ಎಕ್ಕದ ಹುಲಿ ಅಳಿವಿನ ಅಂಚಿನಲ್ಲೇನೂ ಇಲ್ಲ. ಮಕ್ಕಳಿಗೋಸ್ಕರ ಸಾಕ್ತಿದ್ದೀವಿ, ಚಿಟ್ಟೇನ ಉದ್ಧಾರ ಮಾಡೋಕಲ್ಲ. ಅದಕ್ಕೆ ಬೇಕಾಗಿರೋದು ಗಿಡ. ಇದೇ ರಸ್ತೆಯಲ್ಲಿ ಮುಂದೆ ಹೋದರೆ ಬನ್ನೇರುಘಟ್ಟದ ಚಿಟ್ಟೆ ಪಾರ್ಕು ಇದೆ, 2006ರಲ್ಲಿ ಶುರುವಾದಾಗ ದೇಶಕ್ಕೇ ಮೊದಲನೇದು. ಆದರೆ ಟಿಕೆಟ್ಟು, ಬಸ್ಸಿನ ಖರ್ಚು ಸೇರಿ ಈ 24 ಮಕ್ಕಳಲ್ಲಿ ಹೆಚ್ಚಿನವರು ಅದನ್ನ ನೋಡಿಲ್ಲ. ಖಾಲಿ ಸೈಟಿನ ಎಕ್ಕಕ್ಕೆ ಟಿಕೆಟ್ ಇಲ್ಲ.

ಅಕ್ಟೋಬರಿನಲ್ಲಿ ಆ ಸೈಟಿಗೆ ಜೆಸಿಬಿ ಬಂತು. ಒಂದು ಬೆಳಿಗ್ಗೆ ಎಲ್ಲಾ ಸಾಫ್. ಅದಕ್ಕೂ ಮುಂಚೆ ಮಕ್ಕಳು ಮೂರು ಎಕ್ಕದ ಸಸಿ ತಂದು ಶಾಲೆ ಕಾಂಪೌಂಡಿನ ಮೂಲೆಯಲ್ಲಿ ನೆಟ್ಟಿದ್ದರು. ಶಾಲೆಯಲ್ಲಿ ಎಕ್ಕ ಬೇಡ, ಒಳ್ಳೇದಲ್ಲ ಅಂತ ಒಬ್ಬಿಬ್ಬರು ಗೊಣಗಿದರು. ಗೊಣಗಲಿ. ಒಂದು ಗಿಡ ಚಿಗುರಿದೆ.

ಡಬ್ಬಿಗಳನ್ನ ಅಟ್ಟಕ್ಕೆ ಹಾಕಿದ್ದಾಯ್ತು, ಸರದಿ ಪಟ್ಟಿ ಗೋಡೆ ಮೇಲೇ ಇದೆ. ಮೇಡಂ ಈಗ ಅದನ್ನ ಬೇರೆಯದಕ್ಕೂ ಬಳಸ್ತಿದ್ದಾರೆ. ಬಿಸಿಯೂಟದ ತಟ್ಟೆ ಎಣಿಸೋದು, ಬೋರ್ಡ್ ಒರೆಸೋದು, ಪೇಪರ್ ಓದೋದು, ಬೆಳಿಗ್ಗೆ ಸಂವಿಧಾನದ ಪೀಠಿಕೆ ಓದಿಸೋದು. ಪೀಠಿಕೆ ಓದಿಸೋ ಕೆಲಸ ಇಷ್ಟು ದಿನ ಅದೇ ಮೂವರು ಅಕ್ಷರ ಚೆನ್ನಾಗಿರೋ ಮಕ್ಕಳದ್ದಾಗಿತ್ತು. ಈಗ ಹಾಜರಿ ನಂಬರ್ ಪ್ರಕಾರ ಎಲ್ಲರಿಗೂ ಬರುತ್ತೆ. ಓದೋವಾಗ ತಡವರಿಸ್ತಾರೆ. ತಡವರಿಸಲಿ. "ಸಮಾನತೆ" ಅಂತ ತಡವರಿಸಿ ಓದೋ ಮಗು, ನಿರರ್ಗಳವಾಗಿ ಓದಿ ಮಾರನೇ ದಿನ ಮರೆಯೋ ದೊಡ್ಡವರಿಗಿಂತ ವಾಸಿ.

ನಿಮ್ಮ ಮಕ್ಕಳ ಶಾಲೆಗೆ ಮುಂದಿನ ಸಲ ಹೋದಾಗ ಮಾರ್ಕ್ಸ್ ಕಾರ್ಡ್ ನೋಡೋ ಮುಂಚೆ ಎರಡು ಪ್ರಶ್ನೆ ಕೇಳಿ. ಇಲ್ಲಿ ಗುಡಿಸೋರು ಯಾರು, ಬರೆಯೋರು ಯಾರು? ಎರಡಕ್ಕೂ ಬೇರೆ ಬೇರೆ ಹೆಸರು ಬಂದರೆ ಒಂದು ಬಿಳಿ ಹಾಳೆ, ಒಂದು ಸ್ಕೇಲು ಕೇಳಿ ತಗೊಂಡು ಅಲ್ಲೇ ಕೂತು ಗೆರೆ ಎಳೀರಿ. ಮಾದರಿ ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ, ನಮ್ಮ ಪಟ್ಟಿಯ ಫೋಟೋ ಕಳಿಸ್ತೀನಿ.

ಜೈಭೀಮ್.